ಅಂಕಿ ಸುಳ್ಳು ಹೇಳಿದರೂ ತುಕ್ಕು ನಿಜ ಹೇಳುತ್ತದೆ

ಯುರೋಪಿನ ಹಳೆಯ ಬಾಕುಗಳಲ್ಲಿ ಒಂದು ಜಾತಿ ಇದೆ. ಅದರಿಂದ ಒಂದು ನಿಂಬೆಹಣ್ಣು ಕುಯ್ಯಲೂ ಆಗುವುದಿಲ್ಲ. ಅಲಗಿಗೆ ಹರಿತವಾದ ಅಂಚೇ ಇರುವುದಿಲ್ಲ. ಮೂರು ಅಥವಾ ನಾಲ್ಕು ಮೂಲೆಯ ಒಂದು ಉಕ್ಕಿನ ಸಲಾಕೆ, ಒಂದು ತುದಿಗೆ ಮೊನೆ, ಇನ್ನೊಂದು ತುದಿಗೆ ಹಿಡಿ. ಇಟಲಿಯ ಸ್ಟಿಲೆಟೊ ಅಂದರೆ ಇದು. ಚುಚ್ಚುವುದಕ್ಕೆಂದೇ ಮಾಡಿದ್ದು.

ಇಂಥದ್ದನ್ನು ಯಾಕೆ ಕೂಡಿಡುತ್ತೀಯ ಎಂದು ಮನೆಯವರಿಂದ ಹಿಡಿದು ಗೆಳೆಯರವರೆಗೆ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ನಾನು ಟೂಲ್‌ರೂಮಿನಲ್ಲಿ ಕೆಲಸ ಕಲಿತವನು. ಬೆಂಗಳೂರಿನಲ್ಲಿ ಶುರುವಾದ ಆ ಕೆಲಸವೇ ನನ್ನನ್ನು ಇಂಗ್ಲೆಂಡಿಗೆ ಕರೆತಂದಿತು. ಉಕ್ಕಿನ ಒಂದು ತುಂಡು ಕೈಗೆ ಬಂದರೆ ಸಾಕು, ಇದಕ್ಕೆ ಯಾವ ಕಡೆಯಿಂದ ಅರ ಹಾಕಿದ್ದಾರೆ, ಎಲ್ಲಿ ಕಾಯಿಸಿದ್ದಾರೆ, ಎಲ್ಲಿ ಆತುರ ಮಾಡಿದ್ದಾರೆ ಅಂತ ಕಣ್ಣು ತಾನಾಗಿ ಹುಡುಕುತ್ತದೆ. ದೊಡ್ಡ ಕತ್ತಿಗಳಿಗಿಂತ ಈ ಚಿಕ್ಕ ಬಾಕುಗಳಲ್ಲಿ ಅದೆಲ್ಲ ಚೆನ್ನಾಗಿ ಕಾಣುತ್ತದೆ. ಅಲಂಕಾರ ಕಡಿಮೆ. ಮಾಡಿದವನ ಯೋಚನೆ ಪೂರ್ತಿ ಹೊರಗೇ ಇರುತ್ತದೆ.

ಚುಚ್ಚುವ ಬಾಕು ಬೆಳೆದದ್ದು ಕವಚದ ಜೊತೆಜೊತೆಗೆ. 14ನೇ ಶತಮಾನದಲ್ಲಿ ಯುರೋಪಿನ ಯೋಧರು ಮೈತುಂಬ ಉಕ್ಕಿನ ತಗಡು ತೊಡತೊಡಗಿದರು. ಕತ್ತಿ ಬೀಸಿದರೆ ಜಾರಿಹೋಗುತ್ತಿತ್ತು. ಉಳಿದದ್ದು ಸಂದುಗಳು ಮಾತ್ರ: ಕಂಕುಳು, ತೊಡೆಯ ಸಂದು, ಶಿರಸ್ತ್ರಾಣದ ಕಣ್ಣಿನ ಸೀಳು. ಕಂಕುಳಲ್ಲೂ ಸುಮ್ನೆ ಬಟ್ಟೆ ಇರುತ್ತಿರಲಿಲ್ಲ, ಉಕ್ಕಿನ ಬಳೆಗಳನ್ನು ಹೆಣೆದ ಜಾಲರಿ ಇರುತ್ತಿತ್ತು. ಮೊನೆ ಒಂದು ಬಳೆಯೊಳಗೆ ಹೊಕ್ಕರೆ ಹಿಂದೆಯೇ ಬರುವ ದಪ್ಪ ಅಲಗು ಆ ಬಳೆಯನ್ನು ಒಳಗಿನಿಂದ ಅಗಲಿಸುತ್ತದೆ, ರಿವೆಟ್ ಕಿತ್ತುಹೋಗುತ್ತದೆ. ತೆಳ್ಳಗಿನ ಚಪ್ಪಟೆ ಅಲಗಾದರೆ ಅಲ್ಲೇ ಬಾಗುತ್ತದೆ. ಅದಕ್ಕೇ ಮೂರು ಮೂಲೆ, ಅದಕ್ಕೇ ನಾಲ್ಕು ಮೂಲೆ. ಅಡ್ಡಲಾಗಿ ಕತ್ತರಿಸಿದರೆ ಅಲಗು ಯಾವ ಆಕಾರದಲ್ಲಿ ಕಾಣುತ್ತದೆ ಅನ್ನುವುದೇ ಈ ಬಾಕುಗಳನ್ನು ಗುರುತಿಸುವ ಮೊದಲ ಪಾಠ. ಹಿಡಿ ನೋಡಿ ಮರುಳಾಗುವುದು ಆಮೇಲೆ.

ಈ ಕಾಲದ ಮುಖ್ಯ ಬಾಕು ರೊಂಡೆಲ್. ಹಿಡಿಯ ಎರಡೂ ಕೊನೆಗೆ ಒಂದೊಂದು ದುಂಡು ಬಿಲ್ಲೆ. ಕೆಳಗಿನ ಬಿಲ್ಲೆ ಮುಷ್ಟಿ ಅಲಗಿನ ಮೇಲೆ ಜಾರದಂತೆ ತಡೆಯುತ್ತದೆ. ಮೇಲಿನ ಬಿಲ್ಲೆಯ ಮೇಲೆ ಇನ್ನೊಂದು ಅಂಗೈ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಬಹುದು. ಒತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಾಕ್ಷಿ ಇದೆ. 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಜಾಗದ ಕೆಳಗೆ ಸಿಕ್ಕಿತು. ತಲೆಬುರುಡೆಯ ತುಂಬ ಗಾಯದ ಗುರುತು. ಅದರಲ್ಲಿ ಒಂದು ಕೆನ್ನೆಯ ಮೂಳೆಯ ಮೇಲಿನ ಚೌಕಾಕಾರದ ಸಣ್ಣ ಗಾಯ. ಬಾಕಿನ ಮೊನೆಯದಿರಬಹುದು ಅನ್ನುತ್ತಾರೆ. ಆ ಫೋಟೊ ನೋಡಿದಾಗಿನಿಂದ ನಾನು ಯಾವ ರೊಂಡೆಲ್ ಕೈಗೆತ್ತಿಕೊಂಡರೂ ಆ ಕೆನ್ನೆ ನೆನಪಾಗುತ್ತದೆ. ನೆನಪಾಗಲೂ ಬೇಕು. ಇವು ಶೋಕೇಸಿಗಾಗಿ ಹುಟ್ಟಿದ ವಸ್ತುಗಳಲ್ಲ. ಮುಂದೆ ಒಬ್ಬ ಮನುಷ್ಯ ಇದ್ದ ಅನ್ನುವುದನ್ನು ಮರೆತು ಇವುಗಳ ಬಗ್ಗೆ ಮಾತಾಡುವವರ ಜೊತೆ ನನಗೆ ಕೂಡಿಬರುವುದಿಲ್ಲ.

ರೊಂಡೆಲ್ ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದು ಈಗ ಪೋರ್ಟ್ಸ್‌ಮತ್‌ನಲ್ಲಿದೆ. ನಾವಿಕರು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಬಾಕುಗಳು ಅದರಲ್ಲಿ ರಾಶಿ ಸಿಕ್ಕವು. ಆದರೆ ಸಿಕ್ಕಿದ್ದು ಮರದ ಹಿಡಿಗಳು. ಅಲಗುಗಳನ್ನು ಸಮುದ್ರದ ಉಪ್ಪು ತಿಂದುಹಾಕಿತ್ತು. ನೆಲದಡಿ ಸಿಗುವ ಬಾಕುಗಳ ಕಥೆ ಇದಕ್ಕೆ ತಿರುಗಾಮುರುಗ. ಅಲ್ಲಿ ಮರ ಕೊಳೆತು ಅಲಗು ಉಳಿಯುತ್ತದೆ. ಹಾಗಾಗಿ ಅಲಗು ತುಕ್ಕು ತಿಂದು ಸೊರಗಿದ್ದು, ಮರದ ಹಿಡಿ ಮಾತ್ರ ನಿನ್ನೆ ಮೊನ್ನೆಯದರಂತೆ ಗಟ್ಟಿಯಾಗಿದ್ದರೆ, ಎರಡೂ ಒಂದೇ ಜಾಗದಲ್ಲಿ ಐನೂರು ವರ್ಷ ಮಲಗಿದ್ದವು ಅನ್ನುವುದನ್ನು ನಂಬುವುದು ಕಷ್ಟ. ಥೇಮ್ಸ್ ನದಿಯ ಗಾಳಿಯಾಡದ ಕೆಸರು ಇದಕ್ಕೆ ಅಪವಾದ. ಅದರೊಳಗೆ ಮರವೂ ಕಬ್ಬಿಣವೂ ಒಟ್ಟಿಗೆ ಉಳಿದ ಉದಾಹರಣೆಗಳಿವೆ. ಅಲ್ಲಿ ಸಿಕ್ಕ ಕಬ್ಬಿಣಕ್ಕೆ ಒಂದು ಗಾಢ ಕಂದುಗಪ್ಪು ಬಣ್ಣ ಬಂದಿರುತ್ತದೆ. ಆ ಬಣ್ಣ ಇಲ್ಲದೆ ಬರೀ ಥೇಮ್ಸ್ ಹೆಸರು ಹೇಳಿ ಮಾರುವವರೂ ಇದ್ದಾರೆ.

ಎಡಗೈಯಲ್ಲಿ ಹಿಡಿಯುವ ಬಾಕುಗಳ ಬಗ್ಗೆ ನಾನು ಜಾಸ್ತಿ ಹೇಳಲಾರೆ. ಬಲಗೈಯಲ್ಲಿ ರೇಪಿಯರ್ ಕತ್ತಿ, ಎದುರಾಳಿಯ ಏಟು ತಡೆಯಲು ಎಡಗೈಯಲ್ಲಿ ಬಾಕು. 17ನೇ ಶತಮಾನದ ಸ್ಪೇನಿನವು ಮುಷ್ಟಿ ಮುಚ್ಚುವ ತ್ರಿಕೋನದ ತಗಡಿನಿಂದಾಗಿ ನೋಡಲು ಬಹಳ ಚೆಂದ. ಅದೇ ಕಾರಣಕ್ಕೆ 19ನೇ ಶತಮಾನದಲ್ಲಿ ಅವುಗಳ ನಕಲೂ ಬೇಕಾದಷ್ಟು ತಯಾರಾದವು. ನನ್ನ ಮನಸ್ಸು ಹೋಗುವುದು ಸ್ಟಿಲೆಟೊ ಕಡೆಗೆ.

ಉತ್ತರ ಇಟಲಿಯ ಬ್ರೆಷಾ ಕಡೆಯ, 17ನೇ ಶತಮಾನದ ಒಂದು ಸ್ಟಿಲೆಟೊ ಹೇಗಿರುತ್ತದೆ ಅಂತ ಹೇಳುತ್ತೇನೆ. ಅಲಗಿನಿಂದ ಹಿಡಿಯ ತುದಿಯವರೆಗೆ ಎಲ್ಲವೂ ಉಕ್ಕು. ಹಿಡಿಯನ್ನು ಕಡೆದು ಮಾಡಿರುತ್ತಾರೆ: ಒಂದು ಉಂಗುರ, ಒಂದು ಗುಂಡು, ನಡುವೆ ಉಬ್ಬು, ಮತ್ತೆ ಉಂಗುರ. ಚನ್ನಪಟ್ಟಣದ ಗೊಂಬೆ ಕಡೆದ ಹಾಗೆ, ಆದರೆ ಮರದಲ್ಲಲ್ಲ, ಉಕ್ಕಿನಲ್ಲಿ. ಅಡ್ಡಪಟ್ಟಿ ಎರಡು ಬೆರಳಗಲ, ಅದರ ತುದಿಗಳಲ್ಲೂ ಪುಟ್ಟ ಗುಂಡುಗಳು. ಭೂತಗನ್ನಡಿ ಹಿಡಿದರೆ ಉಂಗುರಗಳ ಅಗಲ ಒಂದರಂತೆ ಒಂದಿಲ್ಲ ಅಂತ ಗೊತ್ತಾಗುತ್ತದೆ. ಗುಂಡುಗಳು ಪೂರ್ತಿ ದುಂಡಗಿರುವುದಿಲ್ಲ, ಅರದಿಂದ ತಿದ್ದಿದ ಚಪ್ಪಟೆ ಜಾಗಗಳು ಸಿಗುತ್ತವೆ. ಅಲಗಿನ ಮೂರು ಮುಖಗಳೂ ಹಿಡಿಯಿಂದ ಮೊನೆಯವರೆಗೆ ಒಂದೇ ಸಮನೆ ಸಣ್ಣಗಾಗುತ್ತ ಹೋಗುತ್ತವೆ. ಎಲ್ಲೂ ತಟಕ್ಕನೆ ತಿರುವಿಲ್ಲ. ಕೈಯಲ್ಲಿ ಹಿಡಿದರೆ ತೂಕವೆಲ್ಲ ಮುಷ್ಟಿಯೊಳಗೇ ಇರುತ್ತದೆ. ಒಳ್ಳೆಯ ಕೆಲಸಗಾರನ ಕೈ ಅದು. ನೋಡಿದ ಕೂಡಲೇ ಗೌರವ ಬರುತ್ತದೆ.

ಕೆಲವು ಸ್ಟಿಲೆಟೊಗಳ ಹಿಡಿ ತಿರುಪಿನಿಂದ ಬಿಚ್ಚಿಕೊಳ್ಳುತ್ತದೆ. ಮಾರುವವರು ಒಪ್ಪಿದರೆ ನಾನು ಅದನ್ನು ಬಿಚ್ಚಿ, ತಿರುಪಿನ ಹಲ್ಲು ಅಳೆಯುವ ಥ್ರೆಡ್ ಗೇಜ್ ಇಟ್ಟು ನೋಡುತ್ತೇನೆ. ತಿರುಪಿನ ಹಲ್ಲುಗಳಿಗೆ ಒಂದು ಗೊತ್ತಾದ ಅಳತೆ ಇರಲಿ ಎಂದು ಜೋಸೆಫ್ ವಿಟ್‌ವರ್ತ್ ಹೇಳಿದ್ದು 1841ರಲ್ಲಿ. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ. ನನ್ನ ಗೇಜಿನ ಹಲ್ಲು ಅದರಲ್ಲಿ ಸಲೀಸಾಗಿ ಕೂತರೆ ಆ ತಿರುಪು 17ನೇ ಶತಮಾನದ್ದು ಅನ್ನುವ ಮಾತು ಬಿದ್ದುಹೋಗುತ್ತದೆ.

ಈಗ ನನಗೆ ತುಂಬ ಇಷ್ಟವಾದದ್ದಕ್ಕೆ ಬರುತ್ತೇನೆ. ವೆನಿಸ್ ಗಣರಾಜ್ಯದ ಫಿರಂಗಿ ದಳದವರ ಸ್ಟಿಲೆಟೊ. ಇಟಲಿಯಲ್ಲಿ ಇದಕ್ಕೆ ಫುಸೆಟ್ಟೊ ಅನ್ನುತ್ತಾರೆ. ಅಲಗಿನ ಒಂದು ಮುಖದ ಮೇಲೆ ಗೆರೆಗಳು, ಗೆರೆಗಳ ಪಕ್ಕ ಅಂಕಿಗಳು: 1, 3, 6, 9, 12, 14, 16, 20, 30, ಹೀಗೆ 100, 120ರವರೆಗೆ. ಈ ಅಂಕಿಗಳು ಕಬ್ಬಿಣದ ಗುಂಡಿನ ತೂಕ, ಪೌಂಡ್ ಲೆಕ್ಕದಲ್ಲಿ. ಫಿರಂಗಿಯ ಬಾಯಿಗೆ ಅಡ್ಡಲಾಗಿ ಅಲಗು ಹಿಡಿದರೆ ಯಾವ ತೂಕದ ಗುಂಡು ಅದಕ್ಕೆ ಸರಿ ಅಂತ ತಿಳಿಯುತ್ತದೆ. ಅದೇ ಮೊನೆಯಿಂದ ಬೆಂಕಿ ಕೊಡುವ ತೂತಿನಲ್ಲಿ ಕಟ್ಟಿದ ಮಸಿ ತೆಗೆಯಬಹುದು, ಒಳಗಿನ ಮದ್ದಿನ ಚೀಲ ಚುಚ್ಚಬಹುದು.

ಇದರಲ್ಲಿ ಒಂದು ಗಣಿತ ಇದೆ. ಗುಂಡಿನ ತೂಕ ಅದರ ಅಡ್ಡಳತೆಯ ಘನಕ್ಕೆ ತಕ್ಕಂತೆ ಏರುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ನಾಲ್ಕು ಪಟ್ಟಾದರೆ ಅರವತ್ನಾಲ್ಕು ಪಟ್ಟು. ವೆನಿಸ್‌ನ ಚಿಕ್ಕ ಪೌಂಡು ಸುಮಾರು 300 ಗ್ರಾಂ. ಆ ಲೆಕ್ಕದಲ್ಲಿ ಒಂದು ಪೌಂಡಿನ ಕಬ್ಬಿಣದ ಗುಂಡಿನ ಅಡ್ಡಳತೆ ನಾಲ್ಕೂಕಾಲು ಸೆಂಟಿಮೀಟರಿನ ಆಸುಪಾಸು. 120 ಪೌಂಡಿನದು 21 ಸೆಂಟಿಮೀಟರ್. ಒಂದು ಬಾಕಿನ ಅಲಗಿನ ಉದ್ದದಲ್ಲಿ ಇಡೀ ಫಿರಂಗಿ ಶಾಲೆ ಹಿಡಿಸುತ್ತದೆ ನೋಡಿ. ಇನ್ನೊಂದು ಗಮನಿಸಿ: 1ರಿಂದ 3ಕ್ಕೆ ಹೋಗಲು ಸುಮಾರು 19 ಮಿಲಿಮೀಟರ್ ಬೇಕು. ಆದರೆ 100ರಿಂದ 120ಕ್ಕೆ ಹೋಗಲು 12 ಮಿಲಿಮೀಟರ್ ಸಾಕು. ಅಂಕಿ ದೊಡ್ಡದಾದಷ್ಟೂ ಗೆರೆಗಳು ಹತ್ತಿರ ಹತ್ತಿರ ಬರಬೇಕು.

ಹಾಗಾದರೆ ಗುರುತಿಸುವುದು ಸುಲಭವಾಯಿತು, ಗೆರೆಗಳನ್ನು ಅಳೆದು ನೋಡಿ, ಲೆಕ್ಕ ಕೂಡಿಬಂದರೆ ಅಸಲಿ, ಇಲ್ಲದಿದ್ದರೆ ನಕಲಿ ಅಂತ ಅನ್ನಿಸುತ್ತದೆ ಅಲ್ವಾ? ಇಲ್ಲ. ಇಲ್ಲೇ ಇರುವುದು ಈ ಬಾಕಿನ ನಿಜವಾದ ಸ್ವಾರಸ್ಯ.

ಸ್ಟಿಲೆಟೊ ಬಟ್ಟೆಯೊಳಗೆ ಬಚ್ಚಿಟ್ಟುಕೊಳ್ಳಲು ಹೇಳಿ ಮಾಡಿಸಿದಂಥದ್ದು. ಕೊಲೆಗಡುಕರ ಆಯುಧ ಅನ್ನುವ ಹೆಸರು ಅದಕ್ಕೆ ಆಗಲೇ ಅಂಟಿತ್ತು. ಹಾಗಾಗಿ ವೆನಿಸ್‌ನಲ್ಲಿ ಅದನ್ನು ಹೊತ್ತು ತಿರುಗಲು ನಿಷೇಧವಿತ್ತು. ಫಿರಂಗಿ ದಳದವರಿಗೆ ಮಾತ್ರ ವಿನಾಯಿತಿ. ಯಾಕೆಂದರೆ ಅವರಿಗೆ ಅದು ಕೆಲಸದ ಉಪಕರಣ. ಮುಂದೇನಾಗಿರಬಹುದು ಅಂತ ನೀವೇ ಊಹಿಸಬಹುದು. ಬೀದಿಯಲ್ಲಿ ತಿರುಗುವ ಯಾರೋ ಒಬ್ಬನಿಗೂ ಸ್ಟಿಲೆಟೊ ಬೇಕು. ಅಲಗಿನ ಮೇಲೆ ನಾಲ್ಕು ಗೆರೆ, ನಾಲ್ಕು ಅಂಕಿ ಹಾಕಿಸಿಬಿಟ್ಟರೆ ಕೇಳಿದವರಿಗೆ ನಾನು ಫಿರಂಗಿಯವನು ಅನ್ನಬಹುದು. ಕೆತ್ತುವವನಿಗೆ ಘನಮೂಲ ಯಾಕೆ ಬೇಕು? ಕಣ್ಣಳತೆಯಲ್ಲಿ ಎಳೆದ. ಯಾವ ಲೆಕ್ಕಕ್ಕೂ ಹೊಂದದ ಗೆರೆಗಳಿರುವ ಹಳೆಯ ಫುಸೆಟ್ಟೊಗಳು ಇಂದು ಮ್ಯೂಸಿಯಂಗಳಲ್ಲೂ ಇವೆ.

ಅಂದರೆ ಅಂಕಿ ಸುಳ್ಳಿರಬಹುದು, ಬಾಕು ಅಸಲಿಯೇ ಇರಬಹುದು. ಆ ಸುಳ್ಳು ಯಾವ ಕಾಲದ್ದು ಅನ್ನುವುದಷ್ಟೇ ಪ್ರಶ್ನೆ. 1670ರಲ್ಲಿ ಕಾನೂನಿನ ಕಣ್ಣಿಗೆ ಮಣ್ಣೆರಚಲು ಹೇಳಿದ ಸುಳ್ಳೋ, 1880ರಲ್ಲಿ ನಮ್ಮಂಥ ಸಂಗ್ರಾಹಕರಿಗೆ ಹೇಳಿದ ಸುಳ್ಳೋ? ಉತ್ತರ ಅಂಕಿಯಲ್ಲಿ ಇಲ್ಲ, ತುಕ್ಕಿನಲ್ಲಿದೆ.

ಹೋದ ವರ್ಷ ಒಂದು ಹರಾಜಿನಲ್ಲಿ ಎರಡು ಫುಸೆಟ್ಟೊಗಳು ಬಂದಿದ್ದವು. ಒಂದರ ಗೆರೆಗಳು ಚೊಕ್ಕ, ಅಂಕಿಗಳು ಚೆಂದ, ಕ್ಯಾಟಲಾಗಿನ ಮುಖಪುಟದಲ್ಲಿ ಅದರ ಫೋಟೊ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದೆ. ಅಲಗಿನ ಮೇಲೆ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳಿದ್ದವು. 40ರ ಗೆರೆ ಒಂದು ಗುಳಿಯ ಒಳಗೆ ಇಳಿದು, ತಳದಲ್ಲಿ ಹೊಳೆಯುತ್ತ ಹಾದು, ಆ ಕಡೆ ಏರಿತ್ತು. ಮೊದಲು ತುಕ್ಕು, ಆಮೇಲೆ ಉಳಿ. ಬಾಕು ಹಳೆಯದೇ ಇರಬಹುದು, ಅಂಕಿಗಳನ್ನು ಮಾತ್ರ ಬೆಲೆ ಏರಿಸಲು ಆಮೇಲೆ ಕೆತ್ತಿದ್ದಾರೆ. ಇನ್ನೊಂದು ನೋಡಲು ಬಡಪಾಯಿ. ಗೆರೆಗಳ ಅಂತರ ಅಡ್ಡಾದಿಡ್ಡಿ. 60ರಿಂದ 90ಕ್ಕೆ ಇರುವ ಜಾಗ 90ರಿಂದ 100ಕ್ಕೂ ಇತ್ತು. ಆದರೆ ಗುಳಿ ಬಂದಲ್ಲೆಲ್ಲ ಗೆರೆ ಕಡಿದುಹೋಗಿತ್ತು. ಗುಳಿಯ ಈಚೆ ಅರ್ಧ ಗೆರೆ, ಆಚೆ ಅರ್ಧ ಗೆರೆ, ಮಧ್ಯೆ ಬರೀ ಕಪ್ಪು. 20ರ ಸೊನ್ನೆಯ ಕಾಲು ಭಾಗವನ್ನು ತುಕ್ಕು ತಿಂದಿತ್ತು. ಮೊದಲು ಉಳಿ, ಆಮೇಲೆ ತುಕ್ಕು. ಆ ಸುಳ್ಳು ಹಳೆಯದು. ನಾನು ಕೊಂಡಿದ್ದು ಅದನ್ನೇ, ಮುಖಪುಟದ್ದರ ಬೆಲೆಗಿಂತ ಎಷ್ಟೋ ಕಡಿಮೆಗೆ. ಒಬ್ಬ ಮನುಷ್ಯ ಒಂದು ಸರ್ಕಾರಕ್ಕೆ ಹೇಳಿದ ಸುಳ್ಳು ಮುನ್ನೂರೈವತ್ತು ವರ್ಷ ಉಕ್ಕಿನ ಮೇಲೆ ಹಾಗೇ ಉಳಿದಿದೆ ಅನ್ನುವುದು ನನಗೆ ಲೆಕ್ಕ ಸರಿಯಿರುವ ಅಲಗಿಗಿಂತ ದೊಡ್ಡದಾಗಿ ಕಾಣುತ್ತದೆ.

ನನ್ನ ಅಕ್ಕನ ಮಗ ಮೈಸೂರಿನಲ್ಲಿದ್ದಾನೆ. ಹಳೇ ಸಾಮಾನಿನ ಅಂಗಡಿಗಳಲ್ಲಿ ಏನಾದರೂ ಕಂಡರೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಾನೆ. “ಮಾವ, ಇದು ಇಟಲಿಯದಂತೆ, ಮೂರು ಮೂಲೆ ಇದೆ, ತಗೊಳ್ಳಲಾ?” ಅಂತ ಒಮ್ಮೆ ಕೇಳಿದ. ಹಿಡಿಯ ಹತ್ತಿರದ್ದೊಂದು, ಮೊನೆಯ ಹತ್ತಿರದ್ದೊಂದು ಫೋಟೊ ಕಳಿಸು ಅಂದೆ. ಮುಖಗಳಲ್ಲಿ ಉದ್ದಕ್ಕೂ ತೋಡು. ಆ ತೋಡು ಮೊನೆಯ ಹತ್ತಿರ ಬಂದು ತಟಕ್ಕನೆ ಕಡಿದುಹೋಗಿತ್ತು, ಕೊನೆಯ ಎರಡು ಇಂಚಿನಲ್ಲಿ ಮಾತ್ರ ಅಲಗು ಸಣ್ಣಗಾಗಿತ್ತು. ಅದು ಬಂದೂಕಿನ ಸನೀನು, ಅಂದರೆ ಬಯೊನೆಟ್. ಬ್ರಿಟಿಷರ ಎನ್‌ಫೀಲ್ಡ್ ಬಂದೂಕಿನ 1853ರ ಮಾದರಿಯ ಸನೀನಿಗೂ ಮೂರು ಮೂಲೆಯೇ, ಉದ್ದ 17 ಇಂಚು. ಅದನ್ನು ಕತ್ತರಿಸಿ, ಸಾಣೆ ಹಿಡಿದು, ಹಿತ್ತಾಳೆ ಹಿಡಿ ಹಾಕಿದರೆ ಒಂದು ‘ಸ್ಟಿಲೆಟೊ’ ತಯಾರು. ಬಾಕಿಗೆಂದೇ ಬಡಿದ ಅಲಗು ಬುಡದಿಂದಲೇ ಸಣ್ಣಗಾಗುತ್ತ ಬರುತ್ತದೆ, ಕತ್ತರಿಸಿದ್ದು ಕೊನೆಯಲ್ಲಿ ಮಾತ್ರ. ಯುರೋಪಿನಲ್ಲೂ ಇದು ನಡೆದಿದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಫ್ರೆಂಚ್ ಸೈನಿಕರು 1874ರ ಗ್ರಾ ಬಂದೂಕಿನ ಸನೀನುಗಳನ್ನು ಕತ್ತರಿಸಿ ಬಾಕು ಮಾಡಿಕೊಂಡರು. ಅಡ್ಡಲಾಗಿ ನೋಡಿದರೆ ಅದರ ಅಲಗು ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತದೆ. ಅವು ತಮ್ಮಷ್ಟಕ್ಕೆ ಒಳ್ಳೆಯ ಸಂಗ್ರಹಯೋಗ್ಯ ವಸ್ತುಗಳು. 17ನೇ ಶತಮಾನದವು ಅಂತ ಮಾರಬಾರದು ಅಷ್ಟೇ.

ಪೂರ್ತಿ ಹೊಸದಾಗಿ ಮಾಡಿದ ನಕಲುಗಳ ಸುಗ್ಗಿ ಅಂದರೆ 19ನೇ ಶತಮಾನ. ಹಳೆಯ ವೀರಯುಗದ ಹುಚ್ಚು ಬ್ರಿಟನ್ನಿಗೆ ಎಷ್ಟು ಹಿಡಿದಿತ್ತೆಂದರೆ 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಶ್ರೀಮಂತರು ಕವಚ ತೊಟ್ಟು ಕುದುರೆ ಏರಿ ಹಳೆಯ ಕಾಲದ ಪಂದ್ಯವನ್ನೇ ಆಡಿದರು. ಅದಕ್ಕೆ ಕವಚ ಒದಗಿಸಿದ ಲಂಡನ್ ವ್ಯಾಪಾರಿ ಸ್ಯಾಮ್ಯುಯೆಲ್ ಪ್ರ್ಯಾಟ್. ಅವನ ಅಂಗಡಿಯಿಂದ ಅಸಲಿಯ ಜೊತೆ ನಕಲಿಯೂ ಹೊರಟಿತು ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆಮೇಲೆ ಜರ್ಮನಿಯಲ್ಲಿ, ಮುಖ್ಯವಾಗಿ ಮ್ಯೂನಿಕ್‌ನ ಅರ್ನ್ಸ್ಟ್ ಷ್ಮಿಟ್‌ನ ಕಾರ್ಖಾನೆಯಲ್ಲಿ, ಬಹಳ ಒಳ್ಳೆಯ ಪ್ರತಿಕೃತಿಗಳು ತಯಾರಾದವು. ಅವರು ಪ್ರತಿಕೃತಿ ಎಂದೇ ಮಾರಿದರು. ಎರಡು ಮೂರು ಕೈ ದಾಟುವಷ್ಟರಲ್ಲಿ ಆ ಮಾತು ಉದುರಿಹೋಯಿತು. ಈಗ ಅವಕ್ಕೂ ನೂರಕ್ಕೂ ಹೆಚ್ಚು ವರ್ಷವಾಗಿ, ಅವುಗಳ ಮೇಲೂ ನಿಜವಾದ ತುಕ್ಕು ಕೂತಿದೆ.

ಆಗ ಲೋಹವನ್ನೇ ಕೇಳಬೇಕು. ಹಳೆಯ ಕಬ್ಬಿಣದಲ್ಲಿ ಕಿಟ್ಟ ಪೂರ್ತಿ ಹೋಗಿರುವುದಿಲ್ಲ. ಬಡಿದು ಬಡಿದು ಅದು ನಾರಿನಂತೆ ಉದ್ದಕ್ಕೆ ಎಳೆದುಕೊಂಡಿರುತ್ತದೆ. ತುಕ್ಕು ಆ ನಾರಿನ ಗುಂಟ ಹಾದಿ ಮಾಡಿಕೊಂಡು ಹೋಗುತ್ತದೆ, ಹಾಗಾಗಿ ಗುಳಿಗಳು ಉದ್ದುದ್ದ ಸಾಲಾಗಿ ಕಾಣುತ್ತವೆ. ಉಕ್ಕನ್ನು ಕರಗಿಸಿ ರಾಶಿ ರಾಶಿ ತಯಾರಿಸುವ 1856ರ ಬೆಸ್ಸೆಮರ್ ವಿಧಾನದ ನಂತರದ ಉಕ್ಕು ಎಲ್ಲ ಕಡೆ ಒಂದೇ ಥರ. ಅದರ ಗುಳಿಗಳಿಗೆ ದಿಕ್ಕಿಲ್ಲ. ಆಸಿಡ್ ಹಾಕಿ ಮುಪ್ಪು ಬರಿಸಿದ್ದರಂತೂ ಸಂದು ಮೂಲೆ ಬಿಡದೆ ಎಲ್ಲೆಡೆ ಒಂದೇ ಆಳ. ಕೈ ತಾಗಿ ಸವೆಯುವ ಜಾಗ, ಒರೆ ಉಜ್ಜುವ ಜಾಗ, ಯಾವುದಕ್ಕೂ ಭೇದವಿಲ್ಲ. ಎಕ್ಸ್‌ರೇ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದಾಗ ಮ್ಯಾಂಗನೀಸ್ ಎದ್ದು ಕಂಡರೆ ಅದೂ ಹೊಸ ಉಕ್ಕಿನ ಕಡೆಗೇ ಬೊಟ್ಟು ಮಾಡುತ್ತದೆ.

ಕಣ್ಣು ಪಳಗಿಸಲು ಅಸಲಿ ವಸ್ತುಗಳನ್ನೇ ನೋಡಬೇಕು, ಬೇರೆ ದಾರಿಯಿಲ್ಲ. ಲಂಡನ್ನಿನ ವಾಲೇಸ್ ಕಲೆಕ್ಷನ್ ಮ್ಯೂಸಿಯಂಗೆ ಟಿಕೆಟ್ ಬೇಕಿಲ್ಲ. ಲೀಡ್ಸ್‌ನ ರಾಯಲ್ ಆರ್ಮರೀಸ್‌ಗೂ ಬೇಕಿಲ್ಲ. ಫ್ಲಾರೆನ್ಸ್‌ಗೆ ಹೋಗುವವರು ಊರಾಚೆಯ ಸ್ಟಿಬರ್ಟ್ ಮ್ಯೂಸಿಯಂ ಬಿಡಬೇಡಿ. ಅದನ್ನು ಕಟ್ಟಿದ ಫ್ರೆಡರಿಕ್ ಸ್ಟಿಬರ್ಟ್ 1906ರಲ್ಲಿ ತೀರಿಕೊಂಡ ಮೇಲೆ ಎಲ್ಲವೂ ಊರಿನ ಪಾಲಾಯಿತು. ಅವನ ಅಜ್ಜ ಜೈಲ್ಸ್ ಸ್ಟಿಬರ್ಟ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯ ಮುಖ್ಯಸ್ಥನಾಗಿದ್ದವನು. ಆ ಕುಟುಂಬದ ಸಿರಿತನದ ಬೇರು ಅಲ್ಲಿದೆ. ಆ ಕೋಣೆಗಳಲ್ಲಿ ನಡೆಯುವಾಗ ಇದು ನನ್ನ ತಲೆಯಿಂದ ಹೋಗುವುದಿಲ್ಲ.

ಉಕ್ಕು ಇತ್ತಲಿಂದ ಅತ್ತ ಮಾತ್ರ ಹೋಗಲಿಲ್ಲ, ಬಂತು ಕೂಡ. ದಖ್ಖನ್ ಮತ್ತು ತಂಜಾವೂರಿನ 17ನೇ ಶತಮಾನದ ಕಠಾರಿಗಳಲ್ಲಿ ಎಷ್ಟೋ ಕಡೆ ಅಲಗು ಯುರೋಪಿನದು. ಅಲ್ಲಿಂದ ಬಂದ ಕತ್ತಿಗಳನ್ನು ತುಂಡು ಮಾಡಿ ನಮ್ಮ ಕಮ್ಮಾರರು ನಮ್ಮ ಹಿಡಿಗೆ ರಿವೆಟ್ ಹೊಡೆದು ಕೂರಿಸಿದರು. ಕಠಾರಿಯೂ ಚುಚ್ಚುವ ಆಯುಧವೇ. ಅಡ್ಡಹಿಡಿ ಇರುವುದರಿಂದ ಮುಷ್ಟಿಯ ಬಲ ನೇರ ಮೊನೆಗೆ ಹೋಗುತ್ತದೆ. ರೊಂಡೆಲ್‌ನ ಬಿಲ್ಲೆ ಮಾಡುವ ಕೆಲಸವನ್ನು ಇದು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ ಅಂತ ನನ್ನ ಅಭಿಪ್ರಾಯ.

ಕೊಂಡ ಮೇಲೆ ಏನು ಮಾಡಬೇಕು ಅಂತ ಕೇಳುವವರಿಗೆ ನನ್ನ ಉತ್ತರ: ಉಜ್ಜಬೇಡಿ. ದಯವಿಟ್ಟು ಉಜ್ಜಬೇಡಿ. ಬಫಿಂಗ್ ಚಕ್ರಕ್ಕೆ ಒಮ್ಮೆ ಹಿಡಿದರೆ ಮೇಲೆ ಹೇಳಿದ ಅಷ್ಟೂ ಸಾಕ್ಷಿ ಹೋಗುತ್ತದೆ. ಕಂದುಗಪ್ಪು ತುಕ್ಕು ನಿಂತುಹೋದದ್ದು, ಅದು ಇರಲಿ. ಕಿತ್ತಳೆ ಬಣ್ಣದ ಪುಡಿ ಉದುರುತ್ತಿದ್ದರೆ ಮಾತ್ರ ಅದನ್ನು ಎಣ್ಣೆ ಹಚ್ಚಿ ಮೆಲ್ಲಗೆ ತೆಗೆದು, ರಿನೈಸಾನ್ಸ್ ವ್ಯಾಕ್ಸ್‌ನ ತೆಳು ಪದರ ಸವರಿ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕಂಡುಹಿಡಿದ ಮೇಣ ಅದು. ಮಂಗಳೂರು, ಕಾರವಾರದ ಕಡೆಯವರಾದರೆ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ಚರ್ಮದ ಒರೆಯಲ್ಲಿ ಇಡಲೇಬೇಡಿ, ಚರ್ಮ ತೇವ ಹಿಡಿಯುತ್ತದೆ. ಕಾನೂನನ್ನೂ ನೋಡಿಕೊಳ್ಳಿ. ಭಾರತದಲ್ಲಿ 9 ಇಂಚಿಗಿಂತ ಉದ್ದದ ಅಲಗು 2016ರ ಆರ್ಮ್ಸ್ ರೂಲ್ಸ್‌ನ ಆಯುಧಗಳ ಪಟ್ಟಿಯಲ್ಲಿದೆ.

ಈಗ ನಾನು ಫುಸೆಟ್ಟೊಗಳ ಗೆರೆ ಅಳತೆಗಳ ಒಂದು ಪಟ್ಟಿ ಮಾಡುತ್ತಿದ್ದೇನೆ. ಯಾವುದರ ಲೆಕ್ಕ ಘನಮೂಲಕ್ಕೆ ಕೂಡುತ್ತದೆ, ಯಾವುದರದ್ದು ಇಲ್ಲ, ಲೆಕ್ಕ ತಪ್ಪಿದವುಗಳಲ್ಲೂ ಒಂದೇ ಕೈ ಮತ್ತೆ ಮತ್ತೆ ಕಾಣುತ್ತದೆಯೇ ಅಂತ ನೋಡುವ ಆಸೆ. ಒಬ್ಬನೇ ಕೆತ್ತನೆಯವನು ಇಂಥ ಸುಳ್ಳು ಅಳತೆಗಳನ್ನು ಸಾಲಾಗಿ ಮಾಡಿಕೊಟ್ಟಿದ್ದರೆ ಅವನ ಅಂಕಿಗಳ ಅಂತರ ಅವನ ಸಹಿ ಇದ್ದಂತೆ. ಯುರೋಪಿನಲ್ಲಿರುವ ಕನ್ನಡಿಗರು ಯಾರಾದರೂ ವೆನಿಸ್‌ನ ಡೋಜ್ ಅರಮನೆಯ ಶಸ್ತ್ರಾಗಾರಕ್ಕೋ ಬೇರೆ ಮ್ಯೂಸಿಯಂಗೋ ಹೋದರೆ, ಅಂಕಿ ಇರುವ ಬಾಕು ಕಂಡರೆ, ಎದುರಿಗೆ ನೇರ ನಿಂತು ಓರೆಯಾಗದಂತೆ ಒಂದು ಫೋಟೊ ತೆಗೆದು ಕಳಿಸಿ. ಪಕ್ಕದ ಫಲಕದಲ್ಲಿ ಬಾಕಿನ ಉದ್ದ ಬರೆದಿದ್ದರೆ ಅದನ್ನೂ ಸೇರಿಸಿ. ಉಳಿದ ಲೆಕ್ಕ ನಾನು ಮಾಡಿಕೊಳ್ಳುತ್ತೇನೆ.